ತುಟಿ ಪಿಟಕ್ ಅನ್ನಬಾರದು

ಗಾಲ್ಫ್ ಕ್ಲಬ್ಬಿನ ಸದಸ್ಯನಾಗಬೇಕೆಂಬುದು ಸುಬ್ರಾಯನ ಬಹುದಿನದ ಆಸೆ. ಅದಕ್ಕೆ ಅಧ್ಯಕ್ಷರು ಒಪ್ಪಬೇಕು. ಅವರೇ ಅವನನ್ನು ಜೊತೆಗೆ ಆಡಲು ಕರೆದಿದ್ದರು.

“ನಿಮ್ಮ ಆಟ ಹೇಗಾದ್ರೂ ಇರ್ಲಿ, ನಾನು ನೋಡೋದು ನಡತೆ,” ಎಂದರು ಅವರು, ಗುಳಿಯ ಸುತ್ತಲಿನ ನುಣುಪು ಹುಲ್ಲಿಗೆ ಕಾಲಿಡುತ್ತಲೇ. “ಚೆಂಡು ಉರುಳೋ ದಾರೀನ ತುಳೀಬಾರ್ದು. ಅದರ ಮೇಲೆ ನೆರಳು ಬೀಳಬಾರ್ದು. ಇನ್ನೊಬ್ರು ಹೊಡೆಯೋವಾಗ ತುಟಿ ಪಿಟಕ್ ಅನ್ನಬಾರ್ದು. ಮುಖ್ಯವಾಗಿ, ಹಿಂದೆ ಬರೋರನ್ನ ಕಾಯಿಸಬಾರ್ದು.”

ಇಬ್ಬರ ಚೆಂಡುಗಳೂ ಅಲ್ಲೇ ಅಕ್ಕಪಕ್ಕ ನಿಂತಿದ್ದವು. ಅಧ್ಯಕ್ಷರು ಕುಕ್ಕರಗಾಲಿನಲ್ಲಿ ಕೂತು ಒಂದು ಕಣ್ಣು ಮುಚ್ಚಿದರು. ಎದ್ದು ಗುಳಿಯ ಆಚೆ ಬದಿಗೆ ಹೋಗಿ ಇನ್ನೊಂದು ಕಣ್ಣು ಮುಚ್ಚಿದರು. ಒಂದೆಸಳು ಹುಲ್ಲು ಕಿತ್ತು ಗಾಳಿಗೆ ತೂರಿದರು.

“ಸಾರ್, ನಾವು ಮನೆಗೆ ಹೋಗಿ ಊಟ ಮಾಡ್ಕೊಂಡು ಬರೋದಾ?” ಹಿಂದೆ ಕಾಯುತ್ತಿದ್ದವರು ಕೂಗಿದರು.

ಅಧ್ಯಕ್ಷರು ಕೋಲು ಹಿಡಿದು ಚೆಂಡಿನ ಮುಂದೆ ನಿಂತರು. ಸುಬ್ರಾಯ ಬಾಯಿ ತೆರೆದ. ಅವರು ದುರುಗುಟ್ಟಿ ನೋಡಿದರು. ಅವನು ಬಾಯಿ ಮುಚ್ಚಿಕೊಂಡು, ನೆರಳನ್ನೂ ಎಳೆದುಕೊಂಡು ಹಿಂದೆ ಸರಿದ.

ಚೆಂಡು ಉರುಳಿತು, ಸ್ವಲ್ಪ ಬಾಗಿತು, ಗುಳಿಗೆ ಬಿತ್ತು. ಹಿಂದಿನವರೂ ಚಪ್ಪಾಳೆ ತಟ್ಟಿದರು.

“ಭಲೇ!” ಎಂದು ತಮ್ಮನ್ನೇ ಹೊಗಳಿಕೊಂಡ ಅಧ್ಯಕ್ಷರು ಅವನ ಬೆನ್ನು ಚಪ್ಪರಿಸಿದರು. “ಹೊಟ್ಟೆ ಉಬ್ಬಿದ್ರೂ ಮಾತಾಡ್ಲಿಲ್ಲ ನೀವು. ಇದಪ್ಪಾ ನಡತೆ! ಇವತ್ತಿಂದ ನೀವು ನಮ್ಮ ಸದಸ್ಯರು. ಈಗ ಹೇಳಿ, ಆಗ್ಲೇ ಏನೋ ಹೇಳೋಕೆ ಬಂದ್ರಲ್ಲ?”

“ಏನಿಲ್ಲ ಸಾರ್,” ಎಂದ ಸುಬ್ರಾಯ. “ಒಳಗೆ ಹೋಗಿದ್ದು ನನ್ನ ಚೆಂಡು.”