ಆಂಜನೇಯನ ಪಾಲಿನ ಮುದ್ದೆ

ಮೈದಾನದಲ್ಲಿ ಹೊಸದಾಗಿ ಎಳೆದ ಸುಣ್ಣದ ಗೆರೆಯ ವಾಸನೆ ಬಂದರೆ ಈಗಲೂ ನನ್ನ ಕೈ ಹೊಟ್ಟೆಯ ಮೇಲೆ ಹೋಗುತ್ತದೆ.

ಆಗ ನಾನು ಕೊಡಿಗೇನಹಳ್ಳಿಯಲ್ಲಿ ಏಳನೇ ಕ್ಲಾಸು. ಓಟದ ಸ್ಪರ್ಧೆ ಹತ್ತಿರ ಬಂದಿತ್ತು. ಆಂಜನೇಯ ಕಾಲಿಗೆ ಬಲ ಕೊಡಲೆಂದು ಆ ಶನಿವಾರ ಯಾರಿಗೂ ಹೇಳದೆ ಉಪವಾಸ ಹಿಡಿದೆ; ಅಜ್ಜಿ ಕಟ್ಟಿಕೊಟ್ಟ ಚಿತ್ರಾನ್ನ ಗೆಳತಿಯ ಪಾಲಾಯಿತು. ಮಧ್ಯಾಹ್ನ ಅಭ್ಯಾಸದ ಮೂರನೇ ಸುತ್ತಿನಲ್ಲಿ ಮೈದಾನವೇ ಗಿರ್ರನೆ ತಿರುಗಿತು. ಕಣ್ಣು ಬಿಟ್ಟಾಗ ಕೆನ್ನೆಗೆಲ್ಲ ಸುಣ್ಣ ಮೆತ್ತಿತ್ತು. ಆಟದ ಮೇಷ್ಟ್ರು ನನ್ನ ಕಾಲುಗಳನ್ನು ಎತ್ತಿ ಹಿಡಿದಿದ್ದರು. ಅಷ್ಟರಲ್ಲಿ ಸುದ್ದಿ ಮುಟ್ಟಿ ಅಜ್ಜಿ ಮನೆಯಿಂದ ದೃಷ್ಟಿ ತೆಗೆಯಲು ಒಣಮೆಣಸಿನಕಾಯಿ ಹಿಡಿದು ಓಡಿಬಂದಳು.

“ದೃಷ್ಟಿ ಆಮೇಲೆ ತೆಗೀರಿ ಅಜ್ಜಿ. ಓಡ್ತಾ ಓಡ್ತಾ ಎಚ್ಚರ ತಪ್ಪಿದ್ರೆ ಮೊದ್ಲು ಡಾಕ್ಟ್ರು ನೋಡ್ಬೇಕು,” ಎಂದು ಮೇಷ್ಟ್ರು ಸೀದಾ ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರಮ್ಮ ಎದೆಯನ್ನು ಪೂರ್ತಿ ಪರೀಕ್ಷಿಸಿ, “ಎದೆಬಡಿತ ಸರಿಯಾಗಿದೆ. ಬೆಳಿಗ್ಗೆ ಏನು ತಿಂದೆ?” ಎಂದರು. ನಾನು ಉಪವಾಸದ ಗುಟ್ಟು ಬಿಟ್ಟುಕೊಟ್ಟೆ.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. “ಲೇ, ಹನುಮಪ್ಪ ಹಣ್ಣು ಅಂತ ಸೂರ್ಯನ್ನೇ ತಿನ್ನಕ್ಕೆ ಹಾರ್ದೋನು ಕಣಮ್ಮ! ನೀನು ಅವನ ಹೆಸ್ರಲ್ಲಿ ಹಸ್ಕಂಡು ಓಡ್ತೀಯಾ?”

ಮೇಷ್ಟ್ರು, ಡಾಕ್ಟರಮ್ಮ ನಕ್ಕರು; ಕೊನೆಗೆ ಅಜ್ಜಿಯೂ ನಕ್ಕಳು.

ಮೆಣಸಿನಕಾಯಿ ಆ ಸಂಜೆ ಸಾರಿಗೆ ಬಿತ್ತು. ಅಜ್ಜಿ ನನ್ನ ತಟ್ಟೆಗೆ ಎರಡು ಬಿಸಿ ಮುದ್ದೆ ಇಟ್ಟಳು.

“ಒಂದು ನಿಂದು, ಒಂದು ಹನುಮಪ್ಪಂದು. ಎರಡೂ ನೀನೇ ತಿನ್ಬೇಕು.”