ಅಚ್ಚಿನ ಮೇಲಿನ ಕುಂಕುಮ

ಗಂಡನಿಗೆ ಮಗಳಿಗಿಂತ ಗಾಡಿಗಳೇ ಹೆಚ್ಚು ಎಂಬ ಅನುಮಾನ ತಂಗಮ್ಮಾಳಿಗೆ ಆ ಬೆಳಿಗ್ಗೆ ಖಾತ್ರಿಯಾಯಿತು.

ದಿಂಡಿಗಲ್ಲಿನಲ್ಲಿ ಅವಳ ಗಂಡ ಅಯ್ಯಾವುವಿನದು ಎತ್ತಿನಗಾಡಿ ಮಾಡುವ ದೊಡ್ಡ ಕಾರ್ಖಾನೆ. ಕುಮಳಿ ಘಾಟಿಯಾಚೆ ಅಣೆಕಟ್ಟಿನ ಕೆಲಸ ನಡೆದಿತ್ತು. ಸುಣ್ಣ ಸಾಗಿಸುವ ಗುತ್ತಿಗೆದಾರರು ಗಾಡಿ ಗಾಡಿ ಎಂದು ಅವನ ಪ್ರಾಣ ತಿನ್ನುತ್ತಿದ್ದರು. ಗಾಡಿ ಸಿದ್ಧವಾದಾಗಲೆಲ್ಲ ಅವನು ಆಳುಗಳನ್ನು ಹೊರಗಟ್ಟಿ, ಕಬ್ಬಿಣದ ಅಚ್ಚನ್ನು ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದ. ಆಮೇಲೆ ಕೆಲವು ಗಾಡಿಗಳಿಗೆ ಮಾತ್ರ, ಗಾಲಿಯಿಂದ ಹೊರಗೆ ಇಣುಕುವ ಅಚ್ಚಿನ ತುದಿಗೆ, ಮೇಣದಲ್ಲಿ ಕಲಸಿದ ಕುಂಕುಮವನ್ನು ದಪ್ಪಗೆ ಮೆತ್ತುತ್ತಿದ್ದ. ಬೇರೆಯವರ ಕೈ ಸೋಕುವಂತಿಲ್ಲ. ಘಾಟಿ ಹತ್ತುವ ಗಾಡಿಗೆ ಸಾಮಿ ಕಾವಲು ಬೇಕು ಎನ್ನುತ್ತಿದ್ದ. ಊರವರು ಕೊಳ್ಳುವ ಗಾಡಿಗೆ ಆ ಭಾಗ್ಯವಿರಲಿಲ್ಲ. ಗುತ್ತಿಗೆದಾರರು ಕುಂಕುಮ ಮುಟ್ಟಿ ಕಣ್ಣಿಗೊತ್ತಿಕೊಂಡು ಗಾಡಿ ಹೊಡೆದುಕೊಂಡು ಹೋಗುತ್ತಿದ್ದರು.

ಕಳೆದ ವಾರ ಅಂಥದೊಂದು ಗಾಡಿ ಘಾಟಿಯಲ್ಲಿ ಉರುಳಿ, ಹೊಡೆಯುತ್ತಿದ್ದ ಪಾಂಡಿ ಸತ್ತಿದ್ದ. ಎತ್ತು ಬೆದರಿರಬೇಕು ಎಂದ ಅಯ್ಯಾವು. ತಂಗಮ್ಮಾಳ್ ನಂಬಿದಳು, ಅತ್ತಳು.

ಈಗ ಮಗಳು ಸರಸು ಬಾಣಂತನ ಮುಗಿಸಿ, ಕೂಸಿನೊಂದಿಗೆ ಕುಮಳಿಯ ಗಂಡನ ಮನೆಗೆ ಹೊರಟಿದ್ದಳು. ತವರಿನ ಉಡುಗೊರೆಯೆಂದು ಅಪ್ಪನೇ ಆರಿಸಿಟ್ಟ ಹೊಸ ಗಾಡಿಯ ಅಚ್ಚು ಬೋಳಾಗಿತ್ತು.

"ನಮ್ಮ ಮಗಳ ಗಾಡಿಗೆ ಮಾತ್ರ ಕುಂಕುಮದ ಪೊಟ್ಟು ಇಲ್ವಾ? ಅವಳೂ ಅದೇ ಘಾಟಿ ಹತ್ಬೇಕಲ್ಲ!"

"ಅದಕ್ಕೆ ಬ್ಯಾಡ ತಂಗಮ್ಮಾ. ಅದು ಹಂಗೇ ಹೋಗ್ಲಿ."

"ಯಾರ್ಯಾರೋ ಗುತ್ತಿಗೆದಾರರಿಗೆಲ್ಲ ಸಾಮಿ ಕಾವಲು. ಹೆತ್ತ ಮಗಳಿಗೆ ಒಂದು ಚಿಟಿಕೆ ಕುಂಕುಮ ಇಲ್ಲ."

ಅಯ್ಯಾವು ಮುಖ ತಿರುಗಿಸಿದ. ಅಷ್ಟರಲ್ಲಿ ಪಾಂಡಿಯ ಕಡೆಯವರು ಗಲಾಟೆ ಎಬ್ಬಿಸಿದ್ದಾರೆಂಬ ಸುದ್ದಿ ಬಂತು. ಅವರ ಬಾಯಿ ಮುಚ್ಚಿಸಲು ಅಕ್ಕಿಮೂಟೆ ಹೇರಿಕೊಂಡು ಪಳನಿ ಕಡೆಯ ಹಳ್ಳಿಗೆ ಹೊರಟುಬಿಟ್ಟ. ಮಗಳನ್ನು ಬೀಳ್ಕೊಡಲೂ ನಿಲ್ಲಲಿಲ್ಲ. ತಂಗಮ್ಮಾಳ್ ಸೀದಾ ಕಾರ್ಖಾನೆಯತ್ತ ನಡೆದಳು.

ಅವನು ಹಿಂದಿರುಗುವಷ್ಟರಲ್ಲಿ ದಿನಗಳೇ ಕಳೆದಿದ್ದವು. ಪಾಂಡಿಯ ಮನೆಯವರು ಸುಮ್ಮನಾಗಿದ್ದರು, ಅವನ ಮುಖದಲ್ಲಿ ನಿರಾಳವಿತ್ತು. ಅಂಗಳಕ್ಕೆ ಕಾಲಿಟ್ಟವನು ಅಲ್ಲೇ ನಿಂತ. ಬೋಳು ಅಚ್ಚಿನ ಗಾಡಿ ಇದ್ದಲ್ಲೇ ಇತ್ತು.

"ಸರಸು ಎಲ್ಲಿ? ಹೋಗಿಲ್ವಾ?"

"ಅವತ್ತೇ ಹೋದ್ಲು. ಇಷ್ಟೊತ್ತಿಗೆ ಘಾಟಿ ಹತ್ತಿರ್ತಾಳೆ." ತಂಗಮ್ಮಾಳ್ ಸೆಟೆದು ನಿಂತಳು. "ನೀವು ಬೈದ್ರೂ ಸರಿ. ಪೊಟ್ಟು ಇಟ್ಟ ಗಾಡೀಲೇ ಕಳಿಸಿದೀನಿ."

ಅಯ್ಯಾವು ತಲೆ ಚಚ್ಚಿಕೊಂಡ.

"ಅಚ್ಚು ಬಿರುಕು ಬಿಟ್ಟಿದ್ದು ಕಾಣಬಾರದು ಅಂತಲ್ವೇನೆ ನಾನು ಕುಂಕುಮ ಮೆತ್ತುತಾ ಇದ್ದಿದ್ದು!"