ಮೂವತ್ತೊಂದು, ಮೂವತ್ತೆರಡು

ಚೀಟಿ ಸುಲಭವಾಗಿ ಕಿತ್ತು ಬಂತು. ಅವಳು ಉಗುರು ಹಾಕುವ ಮೊದಲೇ ಅದರ ಒಂದು ಮೂಲೆ ಮೇಲೆದ್ದಿತ್ತು. ಇವತ್ತು ಅದೃಷ್ಟ ತನ್ನ ಕಡೆಗಿದೆ ಎಂದುಕೊಂಡಳು. ಮೂವತ್ತೊಂದರ ಚೀಟಿಯನ್ನು ಮೂವತ್ತೆರಡರ ಟ್ಯೂಬಿಗೆ, ಮೂವತ್ತೆರಡರದನ್ನು ಮೂವತ್ತೊಂದರ ಟ್ಯೂಬಿಗೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಎರಡನ್ನೂ ಸ್ಟ್ಯಾಂಡಿನಲ್ಲಿ ನಿಲ್ಲಿಸಿದಳು. ಒಂದು ನಿಮಿಷವೂ ಹಿಡಿಯಲಿಲ್ಲ. ಏಳು ವರ್ಷ ಕಾಪಾಡಿಕೊಂಡು ಬಂದ ನಿಯತ್ತು ಅಷ್ಟರಲ್ಲಿ ಮುಗಿದುಹೋಯಿತು.

ಲಿವರ್ ಕಾಯಿಲೆಯ ಆ ಸಂಶೋಧನಾ ತಂಡದಲ್ಲಿ ರಕ್ತ ಪರೀಕ್ಷೆಯ ಕೆಲಸ ಅವಳದು. ಎಲ್ಲರ ಬಾಯಲ್ಲೂ ಅವಳು ಲ್ಯಾಬಕ್ಕ. ತಂಡ ಹೊಸ ಔಷಧವೊಂದನ್ನು ಪರೀಕ್ಷೆಗೆ ಹಚ್ಚಿತ್ತು. ಲಿವರ್ ಕಲ್ಲಾಗುತ್ತ ಹೋಗುವುದನ್ನು ಅದು ತಡೆಯಬಹುದು ಎಂಬ ಆಸೆ. ಇಪ್ಪತ್ನಾಲ್ಕು ರೋಗಿಗಳಿಗೆ ಮಾತ್ರ ಅವಕಾಶ, ಇಪ್ಪತ್ಮೂರು ಮಂದಿಯ ಆಯ್ಕೆ ಆಗಿತ್ತು. ಉಳಿದ ಒಂದೇ ಜಾಗಕ್ಕೆ ಇಂದು ಇಬ್ಬರು ಬಂದಿದ್ದರು. ಮೂವತ್ತೊಂದನೇ ನಂಬರಿನವನು ಅವಳ ತಮ್ಮ. ಮೂವತ್ತೆರಡನೆಯವನು ಒಬ್ಬ ದರ್ಜಿ.

ನಿಯಮವೇನೋ ಸರಳ. ಕಾಯಿಲೆ ಜೋರಾದಷ್ಟೂ ಏರುವ ರಕ್ತದ ಅಂಕಿ ನೂರು ದಾಟಿದವರಿಗೆ ಮಾತ್ರ ಔಷಧ. ಕಳೆದ ತಿಂಗಳು ತಮ್ಮನದು ತೊಂಬತ್ತೊಂದು, ದರ್ಜಿಯದು ನೂರ ನಲವತ್ತು. ತಮ್ಮನ ಕಾಯಿಲೆ ಇನ್ನಷ್ಟು ಜೋರಾಗಲಿ ಎಂದು ಬೇಡಿಕೊಳ್ಳುವ ಅಕ್ಕ ಲೋಕದಲ್ಲಿ ತಾನೊಬ್ಬಳೇ ಇರಬೇಕು ಎನಿಸಿ ಅವಳಿಗೆ ನಗು ಬಂದಿತ್ತು. ನಗುವಿನ ಬೆನ್ನಿಗೇ ಅಳು. ಅಪ್ಪ ಹೋದದ್ದು ಇದೇ ಕಾಯಿಲೆಯಲ್ಲಿ. ಅವರಿಗೂ ಡಾಕ್ಟರು ಮೊದಲು ಹೇಳಿದ್ದು "ಅಂಥದ್ದೇನಿಲ್ಲ" ಎಂದೇ.

ಹೋದ ವಾರ ಸ್ಟೋರ್ ರೂಮಿನಲ್ಲಿ ಕೂತು ಅವಳು ಬಿಕ್ಕುತ್ತಿದ್ದಾಗ ಹತ್ತಿ ತೆಗೆದುಕೊಳ್ಳಲು ಕಡ್ಡಿ ಸಿಸ್ಟರ್ ಬಂದುಬಿಟ್ಟಿದ್ದಳು. ರೋಗಿಗಳ ರಕ್ತ ತೆಗೆಯುವ ನರ್ಸ್ ಆಕೆ. ಕಡ್ಡಿ ಮುರಿದ ಹಾಗೆ ಮಾತಾಡುವುದರಿಂದ ಆ ಹೆಸರು. ಒಂದು ಸಹಿ ಬಿಟ್ಟುಹೋಗಿದೆಯೆಂದು ದೊಡ್ಡ ಡಾಕ್ಟರನ್ನೇ ಎರಡು ಮಹಡಿ ಹತ್ತಿಸಿ ವಾಪಸ್ ಕರೆಸಿದ ಹೆಂಗಸು. ಅವತ್ತು ಮಾತ್ರ ಏನನ್ನೂ ಕೇಳಲಿಲ್ಲ. "ಟೀ ಆರಿ ಹೋಗುತ್ತೆ, ಬನ್ನಿ" ಎಂದಷ್ಟೇ ಹೇಳಿ ಹೋಗಿದ್ದಳು.

ಇಂದು ಬೆಳಿಗ್ಗೆ ಟ್ಯೂಬುಗಳನ್ನು ತಂದಿಟ್ಟಾಗ ಅದೇ ಸಿಸ್ಟರ್ ಅವಳ ಮುಖವನ್ನು ದಿಟ್ಟಿಸಿ ನೋಡಿದ್ದಳು.

"ಚೀಟಿ ಎಲ್ಲ ನೋಡಿ ಅಂಟಿಸಿದೀನಿ. ನೀವೇನೂ ಮುಟ್ಟೋಕೆ ಹೋಗಬೇಡಿ. ಹಾಗೇ ಮೆಷಿನ್‌ಗೆ ಹಾಕಿ."

ಇವಳಿಗೆ ವಾಸನೆ ಹತ್ತಿದೆ ಎಂದು ಲ್ಯಾಬಕ್ಕನಿಗೆ ಅನಿಸಿತ್ತು. ಆದರೂ ಕೈ ತಡೆಯಲಿಲ್ಲ.

ಮೆಷಿನ್ ಲೆಕ್ಕ ಕೊಡಲು ನಲವತ್ತು ನಿಮಿಷ. ಕೂತರೆ ನಿಲ್ಲಬೇಕೆನಿಸಿತು, ನಿಂತರೆ ನಡೆಯಬೇಕೆನಿಸಿತು. ತೊಳೆದ ಕೈಯನ್ನೇ ಮತ್ತೆ ತೊಳೆದಳು. ಕೊನೆಗೆ ಕಾರಿಡಾರಿಗೆ ಬಂದಳು. ಬೆಂಚಿನ ಮೇಲೆ ತಮ್ಮ ಮುಂಗೈ ಚಾಚಿ ಕೂತಿದ್ದ. ದರ್ಜಿ ಅವನ ಅಂಗಿ ತೋಳಿನ ಗುಂಡಿ ಹೊಲಿಯುತ್ತಿದ್ದ.

"ನೋಡಕ್ಕಾ, ಮಾತಾಡ್ತಾ ಮಾತಾಡ್ತಾ ಗುಂಡಿ ಹಾಕೇಬಿಟ್ರು" ಎಂದ ತಮ್ಮ.

"ಕೈ ಸುಮ್ನೆ ಇರಲ್ಲಮ್ಮ" ಎಂದ ದರ್ಜಿ, ದಾರವನ್ನು ಹಲ್ಲಿನಿಂದ ಕಡಿದು. "ಇಬ್ರಲ್ಲಿ ಯಾರಿಗೆ ಸಿಕ್ಕಿದ್ರೂ ಸಂತೋಷನೇ ಅಂತ ಇವರಿಗೆ ಹೇಳ್ತಿದ್ದೆ." ಸೂಜಿಯನ್ನು ಕಾಲರಿಗೆ ಸಿಕ್ಕಿಸಿಕೊಂಡು ಸೇರಿಸಿದ, "ಸುಳ್ಳು ಹೇಳಿದೆ. ನಂಗೇ ಸಿಗಲಿ ಅಂತ ಇದೆ."

ತಮ್ಮ ಜೋರಾಗಿ ನಕ್ಕ. ಅವಳಿಗೆ ಆ ದರ್ಜಿಯ ಮುಖ ನೋಡಲಾಗಲಿಲ್ಲ. ತಿರುಗಿದರೆ ಹಿಂದೆಯೇ ಸಿಸ್ಟರ್.

"ಯಾಕ್ರೀ ಹೀಗೆ ಒದ್ದಾಡ್ತೀರಾ? ಇವತ್ತು ಎಲ್ಲ ಸರಿಹೋಗುತ್ತೆ" ಎಂದು ಸಿಸ್ಟರ್ ನಕ್ಕಳು.

ಏಳು ವರ್ಷದಲ್ಲಿ ಆಕೆ ನಕ್ಕದ್ದನ್ನು ಲ್ಯಾಬಕ್ಕ ಕಂಡಿರಲಿಲ್ಲ. ಕಳ್ಳ ಸಿಕ್ಕಿಬಿದ್ದ ಮೇಲೆ ಪೊಲೀಸರು ನಗುವುದು ಹೀಗೇ ಇರಬೇಕು. ಅವಳು ಒಳಗೆ ನಡೆದಳು.

ಮೆಷಿನ್ ಕಾಗದ ಉಗುಳಿತು. ಮೂವತ್ತೊಂದು: ಎಂಬತ್ತೊಂಬತ್ತು. ಮೂವತ್ತೆರಡು: ನೂರ ನಲವತ್ನಾಲ್ಕು.

ಮೂರು ಸಲ ಓದಿದಳು. ಮೂವತ್ತೊಂದರ ಚೀಟಿಯ ಕೆಳಗಿದ್ದದ್ದು ದರ್ಜಿಯ ರಕ್ತ. ಹಾಗಾದರೆ ದರ್ಜಿಯದು ಎಂಬತ್ತೊಂಬತ್ತಕ್ಕೆ ಇಳಿದಿದೆ. ನೂರ ನಲವತ್ನಾಲ್ಕು ತಮ್ಮನದು. ಒಂದೇ ತಿಂಗಳಲ್ಲಿ ಅಷ್ಟು ಏರಿಬಿಟ್ಟಿದೆ. ಅವನಿಗೆ ನ್ಯಾಯವಾಗಿಯೇ ಸಿಗಲಿದ್ದ ಜಾಗವನ್ನು ಅವಳೇ ಕೈಯಾರೆ ಕಿತ್ತು ಬೇರೆಯವನಿಗೆ ಕೊಟ್ಟಿದ್ದಳು.

ದೊಡ್ಡ ಡಾಕ್ಟರು ಬಂದು ಕಾಗದ ತೆಗೆದುಕೊಂಡರು. ಅವರಿಗೆ ಹೆಸರು ಬೇಡ, ನಂಬರ್ ಸಾಕು. "ಮೂವತ್ತೆರಡನ್ನ ಸೇರಿಸಿಕೊಳ್ಳಿ. ಮೂವತ್ತೊಂದಕ್ಕೆ ಈ ಸಲ ಆಗಲ್ಲ" ಎಂದು ಸಹಿ ಹಾಕಿ ಹೋದರು. ಸ್ವಲ್ಪ ಹೊತ್ತಿಗೆ ಕಾರಿಡಾರಿನಿಂದ ದರ್ಜಿ ಸಂತೋಷ ತಡೆಯಲಾಗದೆ ಅಳುವುದೂ ತಮ್ಮ ಅವನಿಗೆ ಸಮಾಧಾನ ಹೇಳುವುದೂ ಕೇಳಿಸಿತು.

ಕೆಲಸ ಹೋಗಲಿ, ಮಾನ ಹೋಗಲಿ. ತಮ್ಮನ ಜೀವಕ್ಕಿಂತ ಯಾವುದೂ ಹೆಚ್ಚಲ್ಲ. ಅವಳು ಬಾಗಿಲಿನತ್ತ ಹೆಜ್ಜೆ ಹಾಕಿದಳು. ಬಾಗಿಲು ಹೊರಗಿನಿಂದಲೇ ತೆರೆಯಿತು. ಕಡ್ಡಿ ಸಿಸ್ಟರ್ ಒಳಗೆ ಬಂದು ಚಿಲಕ ಹಾಕಿದಳು. ಕೈಯಲ್ಲಿ ಸಹಿಯಾದ ಕಾಗದ, ಮುಖ ಬಿಳಿಚಿಕೊಂಡಿತ್ತು.

"ಇದು ಹೇಗಾಯ್ತು?"

"ದಾರಿ ಬಿಡಿ ಸಿಸ್ಟರ್, ಡಾಕ್ಟರ್ ಹತ್ರ ಹೋಗಬೇಕು. ನಿಮಗೆ ಬಂದ ಅನುಮಾನ ನಿಜ. ಎರಡೂ ಚೀಟಿ ನಾನೇ ಅದಲುಬದಲು ಮಾಡಿದೆ."

ಸಿಸ್ಟರ್ ಸ್ಟೂಲಿನ ಮೇಲೆ ಕುಸಿದು ಕೂತಳು.

"ಮುಟ್ಟಬೇಡಿ ಅಂತ ಹೇಳಿದ್ದೆನಲ್ರೀ" ಎಂದಳು. "ಬೆಳಿಗ್ಗೆ ರಕ್ತ ತೆಗೆದ ಕೂಡ್ಲೇ ನಿಮ್ಮ ತಮ್ಮನಿಗೋಸ್ಕರ ನಾನೇ ಅದಲುಬದಲು ಮಾಡಿ ತಂದಿಟ್ಟಿದ್ದೆ."